ಸೈಕಲ್ ಕೊಟ್ಟವರು ದಾರಿ ಕೊಡಲಿಲ್ಲ



ಕಳೆದ ಜನವರಿಯಲ್ಲಿ ನಮ್ಮ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ರಸ್ತೆ ಸುರಕ್ಷತಾ ಮಾಸಾಚರಣೆಯ ಕಾರ್ಯಕ್ರಮ ನಡೆಯಿತು. ನಿವೃತ್ತ ಶಿಕ್ಷಕನೆಂಬ ಕಾರಣಕ್ಕೆ ನನ್ನನ್ನೂ ವೇದಿಕೆಯ ಮೇಲೆ ಕೂರಿಸಿ, ಹಾರ ಹಾಕಿ, ಎರಡು ಮಾತನಾಡಲು ಕೇಳಿಕೊಂಡರು. ನನಗಿಂತ ಮೊದಲು ಮಾತನಾಡಿದ ಅಧಿಕಾರಿಗಳು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ವಿನಯವಂತರು. ಕೆಲಸದಲ್ಲಿಯೂ ಪ್ರಾಮಾಣಿಕರೆಂದು ಕೇಳಿದ್ದೇನೆ. ಅವರು ಮಕ್ಕಳಿಗೆ ಹೇಳಿದ್ದು ಇಷ್ಟು: "ಮಕ್ಕಳೇ, ಸೈಕಲ್ ತೆಗೆದುಕೊಂಡು ಹೆದ್ದಾರಿಗೆ ಬರಬೇಡಿ. ಹೆದ್ದಾರಿ ಇರುವುದು ದೊಡ್ಡ ವಾಹನಗಳಿಗೆ. ರಸ್ತೆಯಲ್ಲಿ ಎಡಬದಿಯಲ್ಲೇ ಹೋಗಬೇಕು, ರಾಂಗ್ ಸೈಡಿನಲ್ಲಿ ಬರಬಾರದು. ಶಿಸ್ತಿದ್ದರೆ ಅಪಘಾತವಿಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಮೂರನೆಯ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ನಮ್ಮೂರಿಂದ ಇಸ್ಕೂಲಿಗೆ ಬರಾಕೆ ಅದೊಂದೇ ದಾರಿ ಐತೆ ಸಾರ್" ಎಂದ. ಎಲ್ಲರೂ ನಕ್ಕರು. ಅಧಿಕಾರಿಗಳೂ ನಕ್ಕರು. ಶಿಕ್ಷಕರೊಬ್ಬರು ಅವನನ್ನು ಕಣ್ಣಿನಿಂದಲೇ ಕೂರಿಸಿದರು. ನನ್ನ ಸರದಿ ಬಂದಾಗ ನಾನು ವಿದ್ಯಾರ್ಥಿ ಜೀವನದ ಮಹತ್ವ, ಕಾಲದ ಬೆಲೆ ಇತ್ಯಾದಿ ಎಂದಿನ ಮಾತುಗಳನ್ನಾಡಿ ಕುಳಿತೆ. ಆ ಹುಡುಗನ ಮಾತಿಗೆ ಉತ್ತರ ಕೊಡುವ ಅವಕಾಶ ನನಗಿತ್ತು. ನಾನು ಕೊಡಲಿಲ್ಲ. ಮನೆಗೆ ಬಂದ ಮೇಲೆ ಅದು ಮನಸ್ಸನ್ನು ಕೊರೆಯತೊಡಗಿತು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ನಾನು ಕೆಲಸಕ್ಕೆ ಸೇರಿದ ಎಪ್ಪತ್ತರ ದಶಕದಲ್ಲಿ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಸರ್ಕಾರವೆಂಬುದು ಬಹುಮಟ್ಟಿಗೆ ಸೈಕಲ್ಲಿನ ಮೇಲೆ ಸಂಚರಿಸುತ್ತಿತ್ತು. ಗ್ರಾಮಸೇವಕರು, ಅಂಚೆಯವರು, ಹ್ಯಾಂಡಲಿಗೆ ತಂತಿಯ ಸುರುಳಿ ತಗುಲಿಸಿಕೊಂಡ ಲೈನ್‌ಮನ್, ಮಲೇರಿಯಾ ಕೆಲಸಗಾರರು, ನಮ್ಮಂತಹ ಮೇಷ್ಟ್ರುಗಳು ಎಲ್ಲರಿಗೂ ಅದೇ ವಾಹನ. ತಳಕಿನಿಂದ ನಾಯಕನಹಟ್ಟಿಗೆ, ಹಾನಗಲ್ಲಿನಿಂದ ಮೊಳಕಾಲ್ಮುರಿಗೆ, ರಾಂಪುರದಿಂದ ದೇವಸಮುದ್ರಕ್ಕೆ ಎದುರುಗಾಳಿಯಲ್ಲಿ ಪೆಡಲು ತುಳಿದವರು ನಾವು. ಕಂಬಳಿ ಮಾರುವವರು, ಶೇಂಗಾ ಚೀಲ ಹೇರಿಕೊಂಡವರು, ರೇಷ್ಮೆ ಸೀರೆಯ ಗಂಟನ್ನು ಕ್ಯಾರಿಯರಿಗೆ ಬಿಗಿದುಕೊಂಡ ನೇಕಾರರು ನಮ್ಮ ಜೊತೆಗಾರರು.

ಅಂದು ಸೈಕಲ್ಲಿಗೂ ಕಾನೂನು ಇತ್ತು. ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕು. ರಾತ್ರಿ ಲೈಟ್ ಇರಬೇಕು, ಡೈನಮೋ ಇಲ್ಲದಿದ್ದರೆ ಬ್ಯಾಟರಿಯನ್ನಾದರೂ ಹಿಡಿದಿರಬೇಕು. ಡಬಲ್ ರೈಡಿಂಗ್ ಕೂಡದು. ಒಮ್ಮೆ ಸಿನಿಮಾ ಮುಗಿಸಿ ಬರುವಾಗ ಲೈಟಿಲ್ಲದ ತಪ್ಪಿಗೆ ಪೇದೆಯೊಬ್ಬರು ನನ್ನ ಸೈಕಲ್ಲಿನ ಎರಡೂ ಚಕ್ರಗಳ ವಾಲ್ ಟ್ಯೂಬ್ ಕಿತ್ತು ಜೇಬಿಗೆ ಹಾಕಿಕೊಂಡರು. ಮೂರು ಮೈಲಿ ತಳ್ಳಿಕೊಂಡು ಹೋದೆ. ಆ ರಾತ್ರಿ ನನಗೆ ಸಿಟ್ಟು ಬಂದಿದ್ದು ನಿಜ. ಈಗ ನೆನಪಾಗುವುದು ಬೇರೆಯ ಸಂಗತಿ: ಆ ಪೇದೆಯವರ ಸೈಕಲ್ಲೂ ಪಕ್ಕದ ಬೇವಿನ ಮರಕ್ಕೆ ಒರಗಿತ್ತು. ರಾತ್ರಿ ಲೈಟಿಲ್ಲದೆ ಹೋದರೆ ಏನಾಗುತ್ತದೆಂದು ಅವರಿಗೆ ಸ್ವಂತ ಅನುಭವದಿಂದ ತಿಳಿದಿತ್ತು. ಹೊಂಡ ಎಲ್ಲಿದೆ, ಎದುರಿನ ಲಾರಿಯ ದೀಪ ಕಣ್ಣಿಗೆ ಹೇಗೆ ರಾಚುತ್ತದೆ, ಬದಿಯ ಮರಳಿಗೆ ಚಕ್ರ ಇಳಿದರೆ ಹೇಗೆ ಜಾರುತ್ತದೆ ಎಂಬುದೆಲ್ಲ ನಿಯಮ ಹೇಳುವವರಿಗೂ ಕೇಳುವವರಿಗೂ ಸಮಾನವಾಗಿ ಗೊತ್ತಿತ್ತು.

ಇಂದಿನ ಅಧಿಕಾರಿಗಳಲ್ಲಿ ಆ ತಿಳಿವಳಿಕೆ ಇಲ್ಲದಿರುವುದಕ್ಕೆ ಅವರ ಮನಸ್ಸು ಕೆಟ್ಟದ್ದೆಂಬುದು ಕಾರಣವಲ್ಲ. ಅವರು ರಸ್ತೆಯನ್ನು ಜೀಪಿನ ಗಾಜಿನ ಹಿಂದಿನಿಂದ ನೋಡುತ್ತಾರೆ. ಆ ಗಾಜಿನ ಮೂಲಕ ನೋಡುವವರಿಗೆ ರಸ್ತೆ ನುಣುಪಾಗಿದ್ದರೆ ಚೆನ್ನಾಗಿದೆ, ಸೈಕಲ್ ಅಡ್ಡ ಬಂದರೆ ಅದು ಅಡಚಣೆ. ನನ್ನ ವಾದವೆಲ್ಲ ಇಷ್ಟೇ. ಸುರಕ್ಷತೆಯೆಂದರೆ ಸೈಕಲ್ ತುಳಿಯುವ ಮಗುವಿನ ಶಿಸ್ತು ಎಂದು ನಮ್ಮ ಅಧಿಕಾರಿಗಳು ತಿಳಿದಿದ್ದಾರೆ. ಅದು ಮೊದಲು ರಸ್ತೆಯ ರಚನೆ, ಆಮೇಲೆ ದೊಡ್ಡ ವಾಹನದ ವೇಗ, ಕಡೆಯಲ್ಲಿ ಮಗುವಿನ ಶಿಸ್ತು. ಈ ಕ್ರಮ ತಲೆಕೆಳಗಾಗಿದೆ.

ಕಾರ್ಯಕ್ರಮವಾದ ಮರುವಾರ ನಾನು ಆ ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಶಾಲೆ ಬಿಟ್ಟ ಮೇಲೆ ಆ ಹುಡುಗನ ಜೊತೆ ಅವನ ಊರಿನ ಕಡೆಗೆ ನಡೆದೆ. ಅವನು ಸೈಕಲ್ ತಳ್ಳಿಕೊಂಡು ಬಂದ. ಅದು ಅವನ ಅಣ್ಣನಿಗೆ ಶಾಲೆಯಲ್ಲಿ ಸಿಕ್ಕಿದ್ದ ಸೈಕಲ್ಲಂತೆ. ಎಪ್ಪತ್ತು ದಾಟಿದ ಮೊಣಕಾಲು ಹೆಚ್ಚು ದೂರ ಬರಲು ಒಪ್ಪಲಿಲ್ಲವಾದರೂ ನೋಡಬೇಕಾದ್ದನ್ನು ನೋಡಿದೆ.

ಮೊದಲನೆಯದು ಡಾಂಬರಿನ ಅಂಚು. ಒಂದರ ಮೇಲೊಂದು ಪದರ ಡಾಂಬರು ಹಾಕುತ್ತ ಬಂದು ರಸ್ತೆ ಎತ್ತರವಾಗಿದೆ, ಬದಿಯ ಮಣ್ಣು ಹಿಂದಿದ್ದಲ್ಲೇ ಇದೆ ಅಥವಾ ಮಳೆಗೆ ಕೊಚ್ಚಿ ಇನ್ನೂ ತಗ್ಗಾಗಿದೆ. ನನ್ನ ಗೇಣು ಇಟ್ಟು ನೋಡಿದೆ, ಕೆಲವೆಡೆ ಅರ್ಧ ಗೇಣಿಗೂ ಮೀರಿ ಇಳಿಜಾರು. ಹಿಂದಿನಿಂದ ಲಾರಿ ಹಾರನ್ ಹೊಡೆದಾಗ ಮಗು ಆ ಅಂಚಿನಿಂದ ಕೆಳಗಿಳಿಯಬೇಕು. ಇಳಿದರೆ ಮುಂದಿನ ಚಕ್ರ ತಿರುಚಿಕೊಳ್ಳುತ್ತದೆ. ಮತ್ತೆ ಹತ್ತಲು ಹೋದರೆ ಚಕ್ರ ಅಂಚಿಗೆ ಉಜ್ಜಿ ಸೈಕಲ್ ರಸ್ತೆಯ ಒಳಕ್ಕೇ ಬೀಳುತ್ತದೆ. ಕಾರಿಗೆ ಈ ಅಂಚು ಗೊತ್ತೇ ಆಗುವುದಿಲ್ಲ.

ಎರಡನೆಯದು ಬಳ್ಳಾರಿ ಜಾಲಿ. ನಮ್ಮ ಬರದ ಸೀಮೆಗೆ ಸೌದೆಗೆಂದು ಬಂದು ಊರನ್ನೇ ಆಕ್ರಮಿಸಿದ ಗಿಡ ಅದು. ರಸ್ತೆಯ ಎರಡೂ ಬದಿಯಿಂದ ಕೊಂಬೆ ಚಾಚಿ ಡಾಂಬರಿನ ಮೇಲೆಯೇ ಬಾಗಿದೆ. ಮಣ್ಣಿನ ಬದಿಯೆಲ್ಲ ಅದರ ಮುಳ್ಳು. ಪಂಕ್ಚರ್ ಹಾಕಿಸಲು ಹಣವಿಲ್ಲದ ಮಗು ಆ ಮುಳ್ಳಿನ ಮೇಲೆ ಹೋಗುವುದಿಲ್ಲ. ರಸ್ತೆಯ ಒಳಗೆ ಎರಡು ಮೊಳ ಸರಿದು ತುಳಿಯುತ್ತದೆ. "ಇವರು ರಸ್ತೆ ಮಧ್ಯದಲ್ಲೇ ಬರುತ್ತಾರೆ" ಎಂದು ನಾವು ಕಾರಿನಲ್ಲಿ ಕುಳಿತು ಬೈಯುತ್ತೇವೆ.

ಮೂರನೆಯದು ರೋಡ್ ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಇಂಥವುಗಳಿಗೆಲ್ಲ ಅಳತೆ ಕೊಟ್ಟಿದೆ. ಅದರ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಹಂಪ್ 3.7 ಮೀಟರ್ ಅಗಲ, ಮಧ್ಯದಲ್ಲಿ 10 ಸೆಂಟಿಮೀಟರ್ ಎತ್ತರ ಇರಬೇಕು. ಅಂದರೆ ಮೆಲ್ಲನೆ ಏರಿ ಮೆಲ್ಲನೆ ಇಳಿಯುವ ಆಮೆಯ ಬೆನ್ನು. ನಾನು ನೋಡಿದ್ದು ಕೊಟ್ಟಿಗೆಯ ಹೊಸ್ತಿಲಿನಂತಹ ದಿಬ್ಬ. ಬಣ್ಣವಿಲ್ಲ, ಫಲಕವಿಲ್ಲ. ಲಾರಿ ಅದರ ಮೇಲೆ ಧಡಾರನೆ ಹಾರಿ ಹೋಗುತ್ತದೆ. ಸೈಕಲ್ಲಿನ ಮಗು ಅದನ್ನು ತಪ್ಪಿಸಲು ಕೊನೆಯಲ್ಲಿ ಉಳಿದ ಒಂದು ಅಡಿಯ ಸಂದಿನಲ್ಲಿ ನುಸುಳುತ್ತದೆ. ಸೈಕಲ್ಲಿನ ರಕ್ಷಣೆಗೆಂದು ಹಾಕಿದ ದಿಬ್ಬ ಸೈಕಲ್ಲನ್ನೇ ಬೀಳಿಸುವಂತಾದರೆ ಅದನ್ನು ಹಾಕಿದವರು ಎಂದೂ ಅದರ ಮೇಲೆ ಸೈಕಲ್ ತುಳಿದಿಲ್ಲವೆಂದೇ ಅರ್ಥ.

ಇನ್ನು ರಾಂಗ್ ಸೈಡಿನ ಮಾತು. ಹಿರಿಯೂರಿನಿಂದ ಚಳ್ಳಕೆರೆ, ಹಾನಗಲ್, ರಾಂಪುರ ಹಾಯ್ದು ಬಳ್ಳಾರಿಗೆ ಹೋಗುವ ನಮ್ಮ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ನಡುವೆ ಡಿವೈಡರ್ ಇರುವ ಅಗಲವಾದ ರಸ್ತೆ ಊರಿಗೆ ಅನುಕೂಲವೇ, ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಅಭ್ಯಾಸದಂತೆ ನಿಮಗೊಂದು ಲೆಕ್ಕ ಕೊಡುತ್ತೇನೆ, ಮಾಡಿ ನೋಡಿ. ಒಂದು ಹಳ್ಳಿಯ ದಾರಿ ಹೆದ್ದಾರಿಗೆ ಕೂಡುವ ಜಾಗ ಮತ್ತು ಶಾಲೆ, ಎರಡೂ ಹೆದ್ದಾರಿಯ ಒಂದೇ ಬದಿಯಲ್ಲಿವೆ. ನಡುವಿನ ಅಂತರ ಅರ್ಧ ಕಿಲೋಮೀಟರ್. ಆ ಬದಿಯಲ್ಲಿ ವಾಹನಗಳು ಶಾಲೆಯಿಂದ ಹಳ್ಳಿಯ ದಿಕ್ಕಿಗೆ ಹೋಗುತ್ತವೆ. ಹಳ್ಳಿಯಿಂದ ಹಿಂದಕ್ಕೆ ಒಂದು ಕಿಲೋಮೀಟರ್ ದೂರದಲ್ಲಿ ಡಿವೈಡರಿನಲ್ಲಿ ಒಂದು ತೆರಪು, ಶಾಲೆಯಿಂದ ಮುಂದಕ್ಕೆ ಒಂದು ಕಿಲೋಮೀಟರಿಗೆ ಇನ್ನೊಂದು ತೆರಪು. ನಿಯಮದಂತೆ ಹೋದರೆ ಮಗು ಎಷ್ಟು ದೂರ ಸೈಕಲ್ ತುಳಿಯಬೇಕು?

ಮೊದಲ ತೆರಪಿಗೆ ಒಂದು, ಅಲ್ಲಿಂದ ಆಚೆ ಬದಿಯಲ್ಲಿ ಹಳ್ಳಿಯ ಎದುರಿಗೆ ಒಂದು, ಶಾಲೆಯ ಎದುರಿಗೆ ಅರ್ಧ, ಎರಡನೆಯ ತೆರಪಿಗೆ ಒಂದು, ತಿರುಗಿ ಶಾಲೆಗೆ ಒಂದು. ಒಟ್ಟು ನಾಲ್ಕೂವರೆ ಕಿಲೋಮೀಟರ್. ಅರ್ಧ ಕಿಲೋಮೀಟರಿನ ಬದಲು ಒಂಬತ್ತು ಪಟ್ಟು, ಅದೂ ಲಾರಿಗಳ ನಡುವೆ ಎರಡು ಸಲ ಯು ಟರ್ನ್ ತೆಗೆದುಕೊಂಡು. ಯಾವ ಮಗು ಹೀಗೆ ಹೋದೀತು? ನೀವು ಹೋಗುತ್ತಿದ್ದಿರೇ? ಆ ಮಗು ಅರ್ಧ ಕಿಲೋಮೀಟರ್ ಎದುರು ದಿಕ್ಕಿನಲ್ಲಿ, ಅಂಚು ಹಿಡಿದು, ಹೆದರುತ್ತ ಹೋಗುತ್ತದೆ. ಇದನ್ನು ಅಶಿಸ್ತು ಎನ್ನುವವರು ಈ ಲೆಕ್ಕವನ್ನು ಮಾಡಿಲ್ಲ. ಆ ಅರ್ಧ ಕಿಲೋಮೀಟರಿಗೆ ಎರಡು ದಿಕ್ಕಿನಲ್ಲೂ ಸೈಕಲ್ ಹೋಗಬಹುದಾದ ಒಂದು ಸರ್ವಿಸ್ ರಸ್ತೆಯಿದ್ದರೆ ಅಶಿಸ್ತು ತಾನಾಗಿಯೇ ಮಾಯವಾಗುತ್ತದೆ.

"ಹೆದ್ದಾರಿಗೆ ಬರಬೇಡಿ" ಎನ್ನುವವರು ಇನ್ನೊಂದು ಸಂಗತಿಯನ್ನೂ ಮರೆಯುತ್ತಾರೆ. ಹಿಂದೆ ಊರಿನಿಂದ ಊರಿಗೆ ಒಳದಾರಿಗಳಿದ್ದವು. ಕಾವಲುಗಳ ಮೂಲಕ ದನಕುರಿಗಳು ನಡೆದು ಮಾಡಿದ ಕಾಲುದಾರಿಗಳಲ್ಲಿ ನಾವು ನಿಶ್ಚಿಂತೆಯಿಂದ ಸೈಕಲ್ ಬಿಟ್ಟಿದ್ದೇವೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ದೊಡ್ಡ ಉಳ್ಳಾರ್ತಿ, ಖುದಾಪುರದ ಸುತ್ತಿನ ಸುಮಾರು ಹತ್ತು ಸಾವಿರ ಎಕರೆ ಭೂಮಿ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಗಿ, ಮೈಲಿಗಟ್ಟಲೆ ಕಾಂಪೌಂಡ್ ಗೋಡೆಗಳು ಎದ್ದದ್ದೂ, ಅದರ ವಿರುದ್ಧ ಕುರಿಗಾಹಿಗಳು ಹೋರಾಡಿದ್ದೂ, ವಿಷಯ 2013ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ಬಂದದ್ದೂ ನಿಮಗೆ ಗೊತ್ತು. ವಿಜ್ಞಾನಕ್ಕೆ ನಾನು ವಿರೋಧಿಯಲ್ಲ, ನಲವತ್ತು ವರ್ಷ ಅದನ್ನೇ ಕಲಿಸಿದವನು. ಆದರೆ ಗೋಡೆ ಕಟ್ಟುವಾಗ ಅದು ಎಷ್ಟು ಕಾಲುದಾರಿಗಳನ್ನು ಮುಚ್ಚುತ್ತದೆ ಎಂಬ ಲೆಕ್ಕವೂ ವಿಜ್ಞಾನದ ಭಾಗವೇ. ಒಳದಾರಿ ಮುಚ್ಚಿದರೆ ಮಕ್ಕಳು ಡಾಂಬರು ರಸ್ತೆಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಈಗ ನನ್ನ ಪಾಲಿನ ತಪ್ಪಿಗೆ ಬರುತ್ತೇನೆ.

2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಮುಂದೆ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. ನನ್ನ ಸೇವಾವಧಿಯಲ್ಲಿ ನಾನು ಕಂಡ ಒಳ್ಳೆಯ ಯೋಜನೆಗಳಲ್ಲಿ ಇದೂ ಒಂದು ಎಂದು ಇಂದಿಗೂ ಹೇಳುತ್ತೇನೆ. ಬಿಹಾರದಲ್ಲಿಯೂ ಅದೇ 2006ರಲ್ಲಿ ಇಂಥ ಯೋಜನೆ ಶುರುವಾಯಿತು. ಅದರಿಂದ ಪ್ರೌಢಶಾಲೆಗೆ ಸಕಾಲದಲ್ಲಿ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಿಬ್ಬರು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದ್ದಾರೆ. ನಮ್ಮಲ್ಲಿಯೂ ಏಳನೆಯ ತರಗತಿಗೇ ಶಾಲೆ ಬಿಡುತ್ತಿದ್ದ ಹುಡುಗಿಯರು ಮೂರು ನಾಲ್ಕು ಜನ ಗುಂಪು ಕಟ್ಟಿಕೊಂಡು ಗಂಟೆ ಬಾರಿಸುತ್ತ ಶಾಲೆಗೆ ಬರುವುದನ್ನು ನೋಡುವುದೇ ಒಂದು ಹಬ್ಬವಾಗಿತ್ತು. ಕೋವಿಡ್ ಬಂದ ವರ್ಷ ವಿತರಣೆ ನಿಂತಾಗ ನನಗೆ ಬೇಸರವೇ ಆಯಿತು.

ಆದರೆ ಆ ವರ್ಷಗಳು ಬೇರೆ ಕಾರಣಕ್ಕೂ ನೆನಪಿನಲ್ಲಿವೆ. ಬಳ್ಳಾರಿಯ ಅದಿರಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಮಿತಿಮೀರಿ ಹೇರಿಕೊಂಡ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಹಗಲೂ ರಾತ್ರಿ ನಮ್ಮ ಸೀಮೆಯ ರಸ್ತೆಗಳನ್ನು ಅರೆಯುತ್ತಿದ್ದವು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆಯೊಡ್ಡುವವರೆಗೆ ಅದು ನಡೆಯಿತು. ಮಕ್ಕಳಿಗೆ ಸೈಕಲ್ ಕೊಟ್ಟದ್ದೂ ಅದೇ ಸರ್ಕಾರ, ಆ ಲಾರಿಗಳನ್ನು ಬಿಟ್ಟದ್ದೂ ಅದೇ ಸರ್ಕಾರ. ಈ ಎರಡು ಕಡತಗಳು ಯಾವ ಮೇಜಿನ ಮೇಲೂ ಒಟ್ಟಿಗೆ ಬರಲಿಲ್ಲ.

ಒಟ್ಟಿಗೆ ಬರಬೇಕಾಗಿದ್ದ ಒಂದು ಮೇಜು ಶಾಲೆಯ ಮುಖ್ಯೋಪಾಧ್ಯಾಯನದು, ಅಂದರೆ ನನ್ನದು. ನಾನು ವಿತರಣಾ ವಹಿಗೆ ಸಹಿ ಹಾಕಿದೆ, ಫೋಟೋ ತೆಗೆಸಿದೆ, ಮಕ್ಕಳ ಹೆಸರು, ತಂದೆಯ ಹೆಸರು, ಊರು ಎಲ್ಲ ತುಂಬಿಸಿದೆ. ಈ ಮಗು ಯಾವ ರಸ್ತೆಯಲ್ಲಿ ಬರುತ್ತದೆ ಎಂದು ಒಬ್ಬರನ್ನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಲಾರಿಯೊಂದು ಉಜ್ಜಿಕೊಂಡು ಹೋಯಿತು. ಲಾರಿ ನಿಲ್ಲಲಿಲ್ಲ. ಜೀವ ಉಳಿಯಿತು, ಎಡಗಾಲು ಮೊದಲಿನಂತಾಗಲಿಲ್ಲ. ಗಣಿತದಲ್ಲಿ ಬಲು ಚುರುಕಾಗಿದ್ದಳು. ಅವಳು ಮತ್ತೆ ಶಾಲೆಗೆ ಬರಲಿಲ್ಲ. ಎರಡು ತಿಂಗಳ ನಂತರ ಅವಳ ತಂದೆ ಆ ಸೈಕಲ್ಲನ್ನು ರಿಪೇರಿ ಮಾಡಿಸಿ, ತಳ್ಳಿಕೊಂಡು ಶಾಲೆಗೆ ಬಂದರು. "ಇದನ್ನ ಬೇರೆ ಯಾವ್ದಾದ್ರೂ ಹುಡುಗಿಗೆ ಕೊಟ್ಬಿಡಿ ಸಾರ್, ಮನೇಲಿ ಇದನ್ನ ನೋಡಾಕಾಗಲ್ಲ" ಎಂದರು. ನನ್ನ ವಹಿಯಲ್ಲಿ ಹಿಂದಿರುಗಿಸಿದ ಸೈಕಲ್ಲಿಗೆ ಕಾಲಮ್ಮೇ ಇರಲಿಲ್ಲ. ಅಪಘಾತದ ಬಗ್ಗೆ ವಿಚಾರಣೆಗೆ ಬಂದವರು ಬರೆದುಕೊಂಡದ್ದು ಒಂದೇ ಪ್ರಶ್ನೆ: ಹುಡುಗಿ ಎಡಬದಿಯಲ್ಲಿದ್ದಳೋ ಇಲ್ಲವೋ? ರಸ್ತೆಯ ಅಂಚು ಹೇಗಿತ್ತು, ಲಾರಿಯ ವೇಗವೆಷ್ಟಿತ್ತು, ಶಾಲೆಯಿದೆ ಎಂಬ ಫಲಕವಿತ್ತೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಅಧಿಕಾರಿಗಳಿಗಿಂತ ಮುಂದಿದೆ ಎಂಬುದು ಓದಿದ ಮೇಲೆ ನನಗೆ ತಿಳಿಯಿತು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಬಗ್ಗೆ ವಿಶೇಷ ಎಚ್ಚರ ವಹಿಸುವ ಹೊಣೆಯನ್ನು ವಾಹನ ಚಾಲಕನ ಮೇಲೆ ಹೊರಿಸುತ್ತದೆ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಉಂಟಾದರೆ ಸಂಬಂಧಪಟ್ಟ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಪಾದಚಾರಿಗಳು ಮತ್ತು ಸೈಕಲ್ಲಿನಂತಹ ಯಂತ್ರರಹಿತ ವಾಹನಗಳ ಬಗ್ಗೆ ರಾಜ್ಯಗಳೇ ನಿಯಮ ರೂಪಿಸುವ ಅಧಿಕಾರವೂ ಅದೇ ತಿದ್ದುಪಡಿಯಲ್ಲಿ ಬಂತು. ಆ ನಿಯಮಗಳನ್ನು ಆರು ತಿಂಗಳೊಳಗೆ ಮಾಡಿರೆಂದು ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 7ರಂದು ಎಲ್ಲ ರಾಜ್ಯಗಳಿಗೂ ಹೇಳಿತು. ಹೆಲ್ಮೆಟ್ಟಿನ ದಂಡ ಎಷ್ಟೆಂದು ಪ್ರತಿಯೊಬ್ಬ ಅಧಿಕಾರಿಯೂ ಬಾಯಿಪಾಠವಾಗಿ ಹೇಳಬಲ್ಲರು. ತಮ್ಮನ್ನು ತಾಕುವ ಕಲಮನ್ನು ಯಾವ ಮಾಸಾಚರಣೆಯಲ್ಲಿಯೂ ಓದಿದ್ದನ್ನು ನಾನು ಕೇಳಿಲ್ಲ.

2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 32,825 ಜನ ನಡೆದುಹೋಗುತ್ತಿದ್ದವರು, ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಸೈಕಲ್ಲಿನವರು. ಸರ್ಕಾರವೇ ಪ್ರಕಟಿಸಿದ ಅಂಕಿಗಳಿವು. ಇವರೆಲ್ಲರಿಗೂ ಶಿಸ್ತಿರಲಿಲ್ಲ ಎನ್ನುವುದು ಸುಲಭ. ನಾನು ನಿಮಗೆ ಕಲಿಸಿದ ಒಂದು ಸೂತ್ರವನ್ನು ನೆನಪಿಸಿಕೊಳ್ಳಿ: ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಲಾರಿ 80ಕ್ಕೆ ಏರಿದರೆ ವೇಗ ಎರಡು ಪಟ್ಟು, ಹೊಡೆತ ನಾಲ್ಕು ಪಟ್ಟು. ಸರಾಸರಿ ವೇಗ ಶೇಕಡ ಒಂದರಷ್ಟು ಹೆಚ್ಚಿದರೆ ಸಾವಿನ ಅಪಘಾತದ ಸಂಭವ ಶೇಕಡ ನಾಲ್ಕರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮಗು ಎಷ್ಟೇ ಶಿಸ್ತಿನಿಂದಿದ್ದರೂ ಈ ಸೂತ್ರ ಬದಲಾಗುವುದಿಲ್ಲ.

"ಹಾಲೆಂಡಿನಂಥ ದೇಶದಲ್ಲಿ ಜನಕ್ಕೆ ಶಿಸ್ತಿದೆ, ಅಲ್ಲಿ ಸೈಕಲ್ ನಡೆಯುತ್ತದೆ, ನಮ್ಮಲ್ಲಿ ಆಗುವುದಿಲ್ಲ" ಎಂದು ಕೆಲವರು ಹೇಳುತ್ತಾರೆ. ಹಾಲೆಂಡಿನಲ್ಲಿಯೂ ಮೊದಲಿನಿಂದ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,300ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 1972ರಲ್ಲಿ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಅರ್ಥದ ಶೀರ್ಷಿಕೆ ಕೊಟ್ಟು ಲೇಖನ ಬರೆದ. ಅದೇ ಹೆಸರಿನಲ್ಲಿ ತಂದೆತಾಯಿಗಳ ಚಳವಳಿ ಹುಟ್ಟಿತು. ಅವರು ಮಕ್ಕಳಿಗೆ ಶಿಸ್ತಿನ ಪಾಠ ಹೇಳಿಕೊಡಿ ಎಂದು ಕೇಳಲಿಲ್ಲ, ರಸ್ತೆಯನ್ನು ಬದಲಿಸಿ ಎಂದು ಕೇಳಿದರು. ರಸ್ತೆ ಬದಲಾದ ಮೇಲೆ ಶಿಸ್ತು ಬಂತು.

ಅಷ್ಟು ದೂರವೇಕೆ ಹೋಗಬೇಕು? ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಪ್ರವಾಸಕ್ಕೆ ನಾನೇ ನಿಮ್ಮನ್ನು ಕರೆದೊಯ್ದಿದ್ದೇನೆ. ಅದೇ ಅರಸ ಬೇರೆಡೆ ಬರೆಸಿದ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ದಾರಿಯ ಬದಿಗೆ ಮರ ನೆಡಿಸಿ, ಬಾವಿ ತೋಡಿಸಿದ್ದನ್ನು ಹೇಳುತ್ತಾನೆ. ಮನುಷ್ಯರಿಗೂ ಪಶುಗಳಿಗೂ ಅನುಕೂಲವಾಗಲೆಂದು. ರಸ್ತೆ ಯಾರಿಗಾಗಿ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಆಡಳಿತಗಾರ ಕೊಟ್ಟ ಉತ್ತರ ಅದು. ಅದರಲ್ಲಿ ನಡೆಯುವವನಿಗೆ ಮೊದಲ ಸ್ಥಾನವಿತ್ತು.

ನಮ್ಮ ತಪ್ಪುಗಳನ್ನೂ ಹೇಳದಿದ್ದರೆ ನ್ಯಾಯವಾಗದು. ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹರಡಿ ಲಾರಿಯ ಚಕ್ರದಿಂದ ಒಕ್ಕಣೆ ಮಾಡಿಸುವವರು ನಾವೇ. ಆ ಸೊಪ್ಪಿನ ಮೇಲೆ ಜಾರಿ ಬಿದ್ದ ಎಷ್ಟು ದ್ವಿಚಕ್ರ ವಾಹನಗಳನ್ನು ನಾವು ಕಂಡಿಲ್ಲ? ಸೈಕಲ್ಲಿಗಾಗಿ ಉಳಿದ ಬದಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ನಿಲ್ಲಿಸುವವರು, ರಾತ್ರಿ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಕೂಡ ಇಲ್ಲದ ಸೈಕಲ್ಲಿನಲ್ಲಿ ಮಗುವನ್ನು ಟ್ಯೂಷನ್ನಿಗೆ ಕಳಿಸುವವರು ನಾವೇ. ಇವನ್ನು ತಿದ್ದಿಕೊಳ್ಳಬೇಕು. ಆದರೆ ಪೋಷಕರ ತಪ್ಪು ಅಧಿಕಾರಿಗಳ ಕರ್ತವ್ಯಕ್ಕೆ ರಜೆ ಕೊಡುವುದಿಲ್ಲ.

ನಾನು ಕೇಳುವುದು ಕೋಟಿಗಳ ಯೋಜನೆಯನ್ನಲ್ಲ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆಯಂತಹದು ನಮ್ಮ ಊರಿಗೆ ಬೇಡ, ಸೈಕಲ್ ನಮ್ಮಲ್ಲಿ ಇದೆ. ಜೂನಿನಲ್ಲಿ ಶಾಲೆ ತೆರೆಯುವ ಮೊದಲು, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ, ಶಾಲೆಗೆ ಬರುವ ರಸ್ತೆಗಳ ಬದಿಯ ಜಾಲಿಯನ್ನು ಬುಡಸಮೇತ ತೆಗೆಸಲಿ. ಡಾಂಬರಿನ ಅಂಚಿಗೆ ಸಮನಾಗಿ ಗಟ್ಟಿ ಮಣ್ಣು ತುಂಬಿಸಲಿ. ಶಾಲೆಯ ಮುಂದೆ ಅಳತೆಯ ಹಂಪ್, ಅದಕ್ಕೆ ಬಣ್ಣ, ಮುಂಚಿತವಾಗಿ ಫಲಕ ಇರಲಿ. ಹೆದ್ದಾರಿ ಬದಿಯ ಹಳ್ಳಿಗೂ ಶಾಲೆಗೂ ನಡುವೆ ಒಂದು ಸೈಕಲ್ ಪಟ್ಟಿ ಅಥವಾ ಸರ್ವಿಸ್ ರಸ್ತೆ ಇರಲಿ. ಸೈಕಲ್ಲಿನವರು ಸತ್ತಾಗ ಅಥವಾ ಗಾಯಗೊಂಡಾಗ ಪೊಲೀಸರು, ಲೋಕೋಪಯೋಗಿ ಇಂಜಿನಿಯರ್, ಶಾಲೆಯ ಮುಖ್ಯೋಪಾಧ್ಯಾಯ ಮೂವರೂ ಸ್ಥಳಕ್ಕೆ ಹೋಗಿ ಸವಾರನ ಬಗ್ಗೆ ಬರೆದಷ್ಟೇ ರಸ್ತೆಯ ಬಗ್ಗೆಯೂ ಬರೆಯಲಿ. ಇವೆಲ್ಲಕ್ಕಿಂತ ಮೊದಲು, ರಸ್ತೆಯ ಜವಾಬ್ದಾರಿ ಹೊತ್ತ ಪ್ರತಿಯೊಬ್ಬ ಅಧಿಕಾರಿಯೂ ವರ್ಷಕ್ಕೊಂದು ಬೆಳಿಗ್ಗೆ, ಒಂಬತ್ತು ಗಂಟೆಯ ಹೊತ್ತಿಗೆ, ಒಂದು ಮಗುವಿನ ಜೊತೆ ಅದರ ಊರಿನಿಂದ ಶಾಲೆಯವರೆಗೆ ಸೈಕಲ್ ತುಳಿದುಕೊಂಡು ಬರಲಿ. ನಾನು ಇಲ್ಲಿ ಇಷ್ಟು ಉದ್ದಕ್ಕೆ ಬರೆದದ್ದೆಲ್ಲ ಅವರಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಕಡೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಈಗ ಆ ಕುರ್ಚಿಗಳಲ್ಲಿಯೇ ಇದ್ದೀರಿ. ಒಬ್ಬರು ಇಂಜಿನಿಯರ್, ಒಬ್ಬರು ಪೊಲೀಸ್ ಇಲಾಖೆಯಲ್ಲಿ, ಇಬ್ಬರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಹಲವರು ಶಿಕ್ಷಕರು. "ರಸ್ತೆಯಲ್ಲಿ ಸುರಕ್ಷಿತವಾಗಿ ಚಲಿಸುವುದು ಹೇಗೆ?" ಎಂಬ ಪ್ರಶ್ನೆಗೆ "ಎಡಬದಿಯಲ್ಲಿ ಚಲಿಸಬೇಕು, ನಿಯಮ ಪಾಲಿಸಬೇಕು" ಎಂದು ನೀವು ಬರೆದ ಉತ್ತರಕ್ಕೆ ಎರಡಕ್ಕೆ ಎರಡು ಅಂಕ ಕೊಟ್ಟವನು ನಾನು. ವೇದಿಕೆಯ ಮೇಲೆ ಅಂದು ಆ ಅಧಿಕಾರಿಗಳು ಹೇಳಿದ್ದು ನಮ್ಮಂಥವರು ಕಲಿಸಿದ ಅದೇ ಉತ್ತರ. ಆದುದರಿಂದ ಅವರನ್ನು ದೂರುವುದಕ್ಕಿಂತ ಮೊದಲು ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಉತ್ತರ ಅಪೂರ್ಣವಾಗಿತ್ತು. ಅದಕ್ಕೆ ಅರ್ಧ ಅಂಕಕ್ಕಿಂತ ಹೆಚ್ಚು ಸಲ್ಲುತ್ತಿರಲಿಲ್ಲ. ಉಳಿದ ಒಂದೂವರೆ ಅಂಕ ರಸ್ತೆಯನ್ನು ಮಾಡುವವರದು ಮತ್ತು ದೊಡ್ಡ ವಾಹನ ಓಡಿಸುವವರದು.

ಆ ಹುಡುಗ ಅಂದು ಸಂಜೆ ನನ್ನನ್ನು ಬಸ್ ನಿಲ್ಲುವ ಜಾಗದವರೆಗೆ ಬಿಟ್ಟು, "ಹೋಗ್ಬತ್ತೀನಿ ಸಾರ್" ಎಂದು ಸೈಕಲ್ ಹತ್ತಿದ. ಮೂರು ಲಾರಿ, ಒಂದು ಬಸ್ಸು ದಾಟುವವರೆಗೆ ಅಂಚಿನಲ್ಲಿ ಒಂದು ಕಾಲೂರಿ ನಿಂತಿದ್ದು ಆಮೇಲೆ ಹೊರಟ. ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಿದ್ದೆ. ಶಿಸ್ತಿನ ಹುಡುಗ. ಅವನು ನಾಳೆಯೂ ಅದೇ ದಾರಿಯಲ್ಲಿ ಬರಬೇಕು.

ನಿಮ್ಮ ಊರಿನ ಶಾಲೆಯ ದಾರಿ ಹೇಗಿದೆ ಎಂದು ಒಮ್ಮೆ ನೋಡಿ ಬಂದು ನನಗೆ ಬರೆಯಿರಿ.

ನಿಮ್ಮ ಮೇಷ್ಟ್ರು